ಶನಿವಾರ ಒಂಬತ್ತೂವರೆಯ ಓಟ

ನನ್ನ ಚಿಕ್ಕಪ್ಪನ ಮಗ ಈ ಸೆಪ್ಟೆಂಬರಿನಲ್ಲಿ ಓದಲು ಎಡಿನ್‌ಬರ್ಗ್‌ಗೆ ಹೊರಟಿದ್ದಾನೆ. ನಾನೂ ಮುಂಚೆ ಓದಿದ್ದು ಅಲ್ಲೇ. ಸದ್ಯ ಶಿರಸಿಯಿಂದ ಬಂದು ಕಾರವಾರದಲ್ಲಿ ನನ್ನ ಜೊತೆ ಉಳಿದಿದ್ದಾನೆ. ಬೆಳಿಗ್ಗೆ ಆರಕ್ಕೆ ಇಬ್ಬರೂ ಟಾಗೋರ್ ಬೀಚಿನಲ್ಲಿ ಓಡುತ್ತೇವೆ. ಮೊನ್ನೆ ಓಡುತ್ತಾ ಅವನು ಕೇಳಿದ್ದು ವೀಸಾ ಬಗ್ಗೆ ಅಲ್ಲ, ಫೀಸಿನ ಬಗ್ಗೆಯೂ ಅಲ್ಲ.

"ಅಕ್ಕಾ, ಅಲ್ಲಿ ಶನಿವಾರ, ರವಿವಾರ ಎಂತ ಮಾಡ್ತಿದ್ದೆ?"

ಕೇಳಬೇಕಾದ ಪ್ರಶ್ನೆಯೇ ಅದು. ಐದು ದಿನ ಹೇಗೋ ಕಳೆಯುತ್ತದೆ. ಕ್ಲಾಸು, ಲೈಬ್ರರಿ, ಅಸೈನ್‌ಮೆಂಟು. ಶುಕ್ರವಾರ ಸಂಜೆ ಲೈಬ್ರರಿ ಮೆಟ್ಟಿಲು ಇಳಿಯುವಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಮುಂದಿನ ಎರಡು ದಿನ ನನ್ನನ್ನು ಯಾರೂ ಕಾಯುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ರವಿವಾರ ಅಂದರೆ ಯಾರಾದರೂ ಬಂದೇ ಬರುತ್ತಾರೆ. ಮುಂಚೆ ಹೇಳಿ ಬರುವ ಪದ್ಧತಿ ಇಲ್ಲ. ಜಗುಲಿಯಲ್ಲಿ ಕವಳದ (ಎಲೆ-ಅಡಿಕೆಯ) ಬಟ್ಟಲು ಇಟ್ಟು, ಆಸರಿಗೆ ಅಂತ ಕುಡಿಯಲು ಏನಾದರೂ ಕೊಟ್ಟರೆ ಆಯಿತು, ಮಾತು ಊಟದ ತನಕ ಹೋಗುತ್ತದೆ. ಅಲ್ಲಿ ಹಾಗಲ್ಲ. ನಾವೇ ಹೊರಡಬೇಕು, ನಾವೇ ಕರೆಯಬೇಕು. ಅದು ಗೊತ್ತಾಗುವಷ್ಟರಲ್ಲಿ ನನ್ನ ಎರಡು ತಿಂಗಳು ಹೋಗಿತ್ತು. ಹನ್ನೊಂದಕ್ಕೆ ಏಳುವುದು, ಮನೆಗೆ ಫೋನ್ ಮಾಡುವುದು, ಮತ್ತೆ ಮಲಗುವುದು. ನವೆಂಬರಿನ ಒಂದು ರವಿವಾರ ಲೆಕ್ಕ ಹಾಕಿದೆ. ಎರಡು ದಿನದಲ್ಲಿ ಅಂಗಡಿಯವಳಿಗೆ ಥ್ಯಾಂಕ್ಸ್ ಹೇಳಿದ್ದು ಬಿಟ್ಟರೆ ಎದುರಿಗಿದ್ದ ಯಾರ ಹತ್ತಿರವೂ ನಾನು ಮಾತಾಡಿರಲಿಲ್ಲ.

ನನ್ನನ್ನು ಹೊರಗೆ ಎಳೆದದ್ದು ಪಕ್ಕದ ಕೋಣೆಯ ಘಾನಾದ ಹುಡುಗಿ. ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿ, "ಬಾ, ಓಡೋಣ" ಅಂದಳು. ನಾನು ಹೈಸ್ಕೂಲು ಬಿಟ್ಟ ಮೇಲೆ ಓಡಿದವಳೇ ಅಲ್ಲ. ಆದರೂ ಹೋದೆ.

ಅದು ಪಾರ್ಕ್‌ರನ್. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು, ಈಗ ಬೇರೆ ಬೇರೆ ದೇಶಗಳಲ್ಲೂ ನಡೆಯುತ್ತದೆ. ಪ್ರತಿ ಶನಿವಾರ 5 ಕಿಲೋಮೀಟರ್. ದುಡ್ಡಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಒಂದು ಬಾರ್‌ಕೋಡ್ ಸಿಗುತ್ತದೆ, ಯಾವ ಊರಿನಲ್ಲಿ ಓಡಿದರೂ ಅದೇ ಸಾಕು. ಇಂಗ್ಲೆಂಡಿನಲ್ಲಿ 9 ಗಂಟೆಗೆ, ಸ್ಕಾಟ್ಲೆಂಡಿನಲ್ಲಿ 9:30ಕ್ಕೆ. ಎಡಿನ್‌ಬರ್ಗ್‌ನಲ್ಲಿ ಕ್ರಾಮಂಡ್ ಎಂಬಲ್ಲಿ, ಸಮುದ್ರದ ಬದಿಯ ರಸ್ತೆಯಲ್ಲಿ ಓಡುವುದು. ಏರಿಲ್ಲ, ಇಳಿಜಾರಿಲ್ಲ. ಆದರೆ ಗಾಳಿ ಇದೆ. ಹೋಗುವಾಗ ತಳ್ಳಿದ ಗಾಳಿಯೇ ಬರುವಾಗ ಎದೆಗೆ ಬಡಿಯುತ್ತದೆ.

ಮೊದಲ ದಿನ ಅರ್ಧ ಓಡಿದೆ, ಅರ್ಧ ನಡೆದೆ. 41 ನಿಮಿಷ ಆಯಿತು. ಹಿಂದೆ ಬಿದ್ದೆ ಅಂತ ನಾಚಿಕೆ ಪಡಬೇಕಾಗಲಿಲ್ಲ. ಎಲ್ಲರ ಕೊನೆಗೆ ಬರುವುದೇ ಕೆಲಸವಾಗಿರುವ ಒಬ್ಬ ಸ್ವಯಂಸೇವಕರು ಪ್ರತಿ ವಾರ ಇರುತ್ತಾರೆ. ಅವತ್ತು ಒಬ್ಬ ಅಜ್ಜ ಇದ್ದರು. ನಿವೃತ್ತ ಶಿಕ್ಷಕರು. ನನ್ನ ಜೊತೆ ಎರಡು ಕಿಲೋಮೀಟರ್ ನಡೆದರು, ನಮ್ಮೂರಿನ ಮಳೆ ಬಗ್ಗೆ ಕೇಳಿದರು. ಶಿರಸಿಯಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಕಟ್ಟಿ ಮನೆ ಸುತ್ತ ಮರೆ ಮಾಡುತ್ತೇವೆ ಅಂತ ವಿವರಿಸಿದೆ. ಅಷ್ಟು ಉದ್ದದ ಮಾತು ನಾನು ಆ ಊರಿನಲ್ಲಿ ಮೊದಲ ಬಾರಿ ಆಡಿದ್ದು.

ನಾನು ತಮ್ಮನಿಗೆ ಮತ್ತೆ ಮತ್ತೆ ಹೇಳುವುದು ಇದನ್ನೇ. ಎದುರುಬದುರು ಕೂತು ಮಾತು ಶುರು ಮಾಡುವುದು ಕಷ್ಟ. ಪಕ್ಕಪಕ್ಕ ಓಡುವಾಗ ಸುಲಭ. ಸುಮ್ಮನಿದ್ದರೂ ಯಾರಿಗೂ ಮುಜುಗರ ಇಲ್ಲ, ಮಾತಾಡಲು ದಾರಿ, ಗಾಳಿ, ನಾಯಿ ಎಲ್ಲ ಇವೆ. ಆದರೆ ಮಾತಾಡುವಷ್ಟು ನಿಧಾನ ಓಡಬೇಕು. ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ವೇಗ ಜಾಸ್ತಿ ಆಯಿತು ಅಂತಲೇ ಲೆಕ್ಕ. ಹೊಸಬರ ದೇಹಕ್ಕೂ ಆ ನಿಧಾನವೇ ಒಳ್ಳೆಯದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಜನವರಿಯಲ್ಲಿ ಹುರುಪು ಬಂದು ವಾರಕ್ಕೆ 10 ಕಿಲೋಮೀಟರ್ ಇದ್ದದ್ದನ್ನು ಒಮ್ಮೆಲೇ 25 ಮಾಡಿದೆ. ಮೂರನೇ ವಾರಕ್ಕೆ ಎರಡೂ ಕಣಕಾಲಿನ ಎಲುಬು ಮುಟ್ಟಿದರೆ ಜೀವ ಹೋಗುವಷ್ಟು ನೋವು. ಒಂದು ತಿಂಗಳು ಓಟ ಬಂದ್. ಆ ತಿಂಗಳೂ ಶನಿವಾರ ತಪ್ಪಿಸಲಿಲ್ಲ. ಸ್ವಯಂಸೇವಕಿಯಾಗಿ ನಿಂತು ಬಾರ್‌ಕೋಡ್ ಸ್ಕ್ಯಾನ್ ಮಾಡಿದೆ. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಜನ ಪರಿಚಯ ಆದದ್ದು ಓಡದೆ ನಿಂತ ಆ ನಾಲ್ಕು ವಾರಗಳಲ್ಲಿ.

ಓಟ ಮುಗಿದ ಮೇಲೆ ಹತ್ತಿರದ ಕೆಫೆಗೆ ಹೋಗುವುದು ರೂಢಿ. ಅಲ್ಲಿಗೆ ಹೋಗದೆ ಸೀದಾ ಬಸ್ಸು ಹತ್ತುವವರು ಬಹಳ ಜನ. ಮೊದಲೆರಡು ವಾರ ನಾನೂ ಹಾಗೇ ಮಾಡಿದೆ, ಕಾಫಿಯ ಬೆಲೆ ರೂಪಾಯಿಗೆ ಬದಲಿಸಿ ನೋಡಿ ಹೆದರಿ. ಆಮೇಲೆ ವಾರದ ಖರ್ಚಿನಲ್ಲಿ ಒಂದು ಕಾಫಿ ಅಂತ ಬೇರೆ ಇಟ್ಟೆ, ಹೊರಗಿನ ಮಧ್ಯಾಹ್ನದ ಊಟ ಒಂದು ಕಡಿಮೆ ಮಾಡಿದೆ. ಅಷ್ಟು ಖರ್ಚು ಖಂಡಿತ ಮಾಡಬೇಕು.

ಶುಕ್ರವಾರ ರಾತ್ರಿಯದು ಇನ್ನೊಂದು ವಿಷಯ. ಕ್ಲಾಸಿನವರೆಲ್ಲ ಹೊರಗೆ ಹೋಗುತ್ತಾರೆ. ನಾನು ಕುಡಿಯುವುದಿಲ್ಲ, ಆದರೂ ಹೋಗುತ್ತಿದ್ದೆ. ಎಂಟಕ್ಕೆ ಹೋಗಿ, ಹತ್ತಕ್ಕೆ "ನಾಳೆ ಓಟ ಇದೆ" ಅಂತ ಎದ್ದು ಬರುತ್ತಿದ್ದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಪೂರ್ತಿ ತಪ್ಪಿಸಿದರೆ ಮಾತ್ರ ಮುಂದಿನ ಸಲ ಕರೆಯುವುದನ್ನೇ ಮರೆಯುತ್ತಾರೆ.

ಪಾರ್ಟ್‌ಟೈಮ್ ಕೆಲಸದವರಿಗೂ ಒಂದು ಮಾತು. ನನ್ನ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಮೊದಲು ಶನಿವಾರ ಬೆಳಿಗ್ಗೆಯ ಪಾಳಿಯನ್ನೇ ಕೊಡುತ್ತಿದ್ದರು. ಬಾಯಿಬಿಟ್ಟು ಕೇಳಿ ರವಿವಾರ ಸಂಜೆಗೆ ಬದಲಿಸಿಕೊಂಡೆ. ಕೇಳದೆ ಇದ್ದಿದ್ದರೆ ಇಡೀ ವರ್ಷ ಶನಿವಾರ ಇರುತ್ತಲೇ ಇರಲಿಲ್ಲ.

ಶನಿವಾರ ಸಂಜೆ ಅಡುಗೆ. ಡಿಸೆಂಬರಿನಲ್ಲಿ ಮೂರು ಮುಕ್ಕಾಲಿಗೆಲ್ಲ ಕತ್ತಲು. ಆ ಕತ್ತಲಲ್ಲಿ ಒಬ್ಬಳೇ ಕೋಣೆಯಲ್ಲಿ ಕೂರುವ ಬದಲು ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದೆ. ಹಾಲಿನ ಪದಾರ್ಥ ಭಾರತದಿಂದ ಒಯ್ಯುವಂತಿಲ್ಲ, ಹಾಗಾಗಿ ಆಯಿ (ಅಮ್ಮ) ಕಾಸಿದ ತುಪ್ಪ ಮನೆಯಲ್ಲೇ ಉಳಿಯಿತು. ಜೊತೆಗೆ ಬಂದದ್ದು ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ. ಅದನ್ನು ನೆನೆಸಿ ಹಿಂಡಿ, ಡಬ್ಬದ ತೆಂಗಿನ ಹಾಲು ಹಾಕಿ, ಹಸಿಮೆಣಸು, ಶುಂಠಿ ಜಜ್ಜಿ ಹಾಕುತ್ತಿದ್ದೆ. ಕಾರವಾರದ ಹೋಟೆಲುಗಳಲ್ಲಿ ಸೋಲ್‌ಕಡಿ ಅಂತ ಕೊಡುತ್ತಾರಲ್ಲ, ಅದೇ. ಆ ಗುಲಾಬಿ ಬಣ್ಣ ನೋಡಿ ಘಾನಾದ ಗೆಳತಿ ಮೊದಲ ಸಲ ಅದನ್ನು ಸಿಹಿ ಅಂದುಕೊಂಡಳು. ಎರಡನೇ ಲೋಟ ಅವಳೇ ಬಗ್ಗಿಸಿಕೊಂಡಳು. ಆಮೇಲೆ ಒಂದು ಶನಿವಾರ ಅವಳ ಕೈಯಡುಗೆ, ಒಂದು ಶನಿವಾರ ನನ್ನದು. ಕಣ್ಣೂರಿನ ಹುಡುಗನೊಬ್ಬ ಪಾತ್ರೆ ತೊಳೆಯುತ್ತೇನೆ ಅಂತ ಸೇರಿಕೊಂಡ.

ರವಿವಾರ ಒಬ್ಬಳೇ ಓಡುತ್ತಿದ್ದೆ. ಯೂನಿಯನ್ ಕಾಲುವೆಯ ಬದಿಯಲ್ಲಿ ಒಂದು ದಾರಿ ಇದೆ, ಊರೊಳಗಿಂದ ಶುರುವಾಗಿ ಫಾಲ್‌ಕರ್ಕ್ ತನಕ ಸುಮಾರು 50 ಕಿಲೋಮೀಟರ್ ಹೋಗುತ್ತದೆ. ನಾನು ಏಳೆಂಟು ಕಿಲೋಮೀಟರಿನಲ್ಲೇ ತಿರುಗುತ್ತಿದ್ದೆ. ವಾಪಸ್ಸು ಬಂದಾಗ ಅಲ್ಲಿ ಹನ್ನೊಂದು, ಊರಿನಲ್ಲಿ ಸಂಜೆ ನಾಲ್ಕೂವರೆ. ಆಯಿ ಚಾ ಕುಡಿಯುವ ಹೊತ್ತು. ಮೊದಲೆಲ್ಲ ಫೋನಿನಲ್ಲಿ ಆಯಿ ಒಬ್ಬಳೇ ಮಾತಾಡುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ. ಆಮೇಲೆ ಹೇಳಲು ನನ್ನ ಹತ್ತಿರವೂ ಸುದ್ದಿ ಇರುತ್ತಿತ್ತು. "ಧ್ವನಿ ಅಡ್ಡಿಲ್ಲೆ ಈಗ" ಅಂದಳು ಒಂದು ದಿನ. ಅವಳಿಗೆ ಅಲ್ಲಿಯತನಕ ಎಷ್ಟು ಚಿಂತೆ ಇತ್ತು ಅಂತ ನನಗೆ ಆಗಲೇ ಗೊತ್ತಾದದ್ದು.

ಚಳಿಗೆ ತಮ್ಮ ತುಂಬಾ ಹೆದರಿದ್ದಾನೆ. ಅಷ್ಟು ಬೇಡ. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಸಾಕು, ಹತ್ತು ನಿಮಿಷಕ್ಕೆ ಮೈ ಬಿಸಿಯಾಗುತ್ತದೆ. ಹತ್ತಿ ಬನಿಯನ್ ಬೇಡ, ಬೆವರು ಹಿಡಿದುಕೊಂಡು ನಿಂತ ಕೂಡಲೇ ನಡುಕ ಬರುತ್ತದೆ. ಕೈಗವಸು ಬೇಕೇ ಬೇಕು. ಮುಗಿದ ಮೇಲೆ ಹಾಕಿಕೊಳ್ಳಲು ಒಣ ಅಂಗಿ ಚೀಲದಲ್ಲಿ ಇರಲಿ.

ಕಾರವಾರದ ಓಟದ ಲೆಕ್ಕ ಬೇರೆ. ಇಲ್ಲಿ ಸೂರ್ಯ ಊರಿನ ಹಿಂದಿನ ಗುಡ್ಡದಿಂದ ಏರಬೇಕು, ಹಾಗಾಗಿ ದಂಡೆಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನೆರಳು ಸಿಗುತ್ತದೆ. ಆದರೆ ಮೇ ತಿಂಗಳ ಸೆಕೆಗೆ ಒಂದೇ ಕಿಲೋಮೀಟರಿಗೆ ಅಂಗಿ ಒದ್ದೆ. ನೀರು ಇಳಿದ ಹೊತ್ತು ನೋಡಿಕೊಂಡು ಹೋಗಬೇಕು. ಆಗ ಒದ್ದೆ ಮರಳು ಗಟ್ಟಿ ಇರುತ್ತದೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಒಂದು ವಾರ ಚೆನ್ನಾಗಿದ್ದರೆ ಮುಂದಿನ ವಾರ ಮೇಲಿನ ರಸ್ತೆಯೇ ಗತಿ. ದಂಡೆ ಸಮುದ್ರದ ಕಡೆ ವಾಲಿರುವುದರಿಂದ ಹೋದ ದಾರಿಯಲ್ಲೇ ತಿರುಗಿ ಬರಬೇಕು, ಇಲ್ಲದಿದ್ದರೆ ಒಂದೇ ಕಾಲಿನ ಹರಡಿಗೆ ಭಾರ. ನಾವು ದಂಡೆಯಲ್ಲಿ ನೋಡಲು ಇಟ್ಟಿರುವ ಚಪಲ್ ಯುದ್ಧನೌಕೆಯ ಹತ್ತಿರ ಶುರು ಮಾಡಿ ಕೋಡಿಬಾಗದ ಕಡೆ ಹೋಗಿ ತಿರುಗುತ್ತೇವೆ. ದಂಡೆಯಲ್ಲಿ ನಿಂತು ಹಗ್ಗ ಹಿಡಿದು ಏಂಡಿ ಬಲೆ (ಮೀನಿನ ದೊಡ್ಡ ಬಲೆ) ಎಳೆಯುವವರು ಇದ್ದರೆ ಹಗ್ಗ ದಾಟುವ ಮುಂಚೆ ನಿಂತು ಕೇಳುತ್ತೇವೆ.

ಈಗ ನಾವು ಐದು ಜನ ಆಗಿದ್ದೇವೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಗದಗದ ಒಬ್ಬರು, ನರ್ಸಿಂಗ್ ಓದುವ ಇಬ್ಬರು ಹುಡುಗಿಯರು. ಅವರಿಗೂ ಇದು ಪರಊರೇ. ಶನಿವಾರ ಓಟ ಮುಗಿಸಿ ಬನ್ಸು, ಭಾಜಿ ತಿನ್ನಲು ಹೋಗುತ್ತೇವೆ. ಮೊದಲ ವಾರ ನರ್ಸಿಂಗ್ ಹುಡುಗಿಯರು ಸೀದಾ ಹಾಸ್ಟೆಲ್ಲಿಗೆ ಹೊರಟಿದ್ದರು. ತಮ್ಮನೇ ಓಡಿ ಹೋಗಿ ಕರೆದು ತಂದ.

ನಿನ್ನೆ ರಾತ್ರಿ ಅವನು ಪಾರ್ಕ್‌ರನ್‌ಗೆ ಹೆಸರು ನೋಂದಾಯಿಸಿದ. ಬಾರ್‌ಕೋಡಿನ ಪ್ರಿಂಟ್ ತೆಗೆದು ಪಾಸ್‌ಪೋರ್ಟಿನ ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ.