ಉತ್ತರೆ ಮಳೆ ಕಳೆದ ಮೇಲೆ ನಮ್ಮ ಶಾಲೆಯಲ್ಲಿ

ಜುಲೈ ತಿಂಗಳಲ್ಲಿ ಮಲೆನಾಡಿನ ಮಕ್ಕಳ ಮೇಲೆ ಎಲ್ಲರ ಕಣ್ಣಿರುತ್ತದೆ. ಹಳ್ಳ ಉಕ್ಕಿದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಅಪ್ಪಂದಿರು ಕಾಲುಸಂಕ ದಾಟಿಸಿ ಬಿಟ್ಟು ಹೋಗುತ್ತಾರೆ. ಸೆಪ್ಟೆಂಬರ್ ಕೊನೆಗೆ ಉತ್ತರೆ ಮಳೆ ಮುಗಿದು ನಾಲ್ಕು ದಿನ ಬಿಸಿಲು ಬಿತ್ತೆಂದರೆ ಆ ಎಚ್ಚರ ಸಡಿಲವಾಗುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಶಿಕ್ಷಕಿ. ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಿ ಜ್ವರವೆಂದು ಮನೆಯಲ್ಲಿ ಉಳಿಯುವ ಮಕ್ಕಳು ನಮ್ಮಲ್ಲಿ ಹೆಚ್ಚು. ಎರಡು ದಿನ ಮಳೆ, ನಾಲ್ಕು ದಿನ ಬಿಸಿಲು ಎಂಬ ಹವೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ್ದು.

ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅಂದರೆ ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿಯೂ. ಮನೆಯಲ್ಲಿ ರಾತ್ರಿ ಕಟ್ಟುವ ಸೊಳ್ಳೆ ಪರದೆ ಆಗ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಶಾಲೆಯ ಆವರಣ ನಮ್ಮದೇ ಹೊಣೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಹೆಚ್ಚು ಕಡಿಮೆ ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಆ ಸರಪಳಿ ತುಂಡಾಗುತ್ತದೆ. ನಾವು ಶನಿವಾರದ ಬೆಳಗಿನ ಶಾಲೆಯನ್ನು ಇದಕ್ಕೆ ಗೊತ್ತು ಮಾಡಿಕೊಂಡೆವು. ಶಾಲಾ ಸಂಸತ್ತಿನ ಆರೋಗ್ಯ ಮಂತ್ರಿ ಮುಂದೆ, ಆರು ಮತ್ತು ಏಳನೆಯ ತರಗತಿಯವರು ಹಿಂದೆ, ಕೈಯಲ್ಲಿ ಒಂದು ಟಾರ್ಚ್, ಒಂದು ಬಿಳಿ ಬಟ್ಟಲು.

ಮಕ್ಕಳ ಕಣ್ಣು ನಮ್ಮದಕ್ಕಿಂತ ಚುರುಕು. ಡ್ರಮ್ಮು, ತೊಟ್ಟಿಗಳನ್ನು ದೊಡ್ಡವರೂ ನೋಡುತ್ತಾರೆ. ಮಕ್ಕಳು ಹುಡುಕಿದ್ದು ಬೇರೆಯೇ ಜಾಗಗಳನ್ನು: ಬಿಸಿಯೂಟದ ಸೌದೆಗೆ ಹೊದಿಸಿದ್ದ ಟಾರ್ಪಾಲಿನ ಮಡಿಕೆ, ಬೇಲಿಯಾಚೆ ಅಂಗಾತ ಬಿದ್ದಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಹೂಕುಂಡದ ಕೆಳಗಿನ ತಟ್ಟೆ. ಹಾಳೆಯಲ್ಲಿ ನಿಂತ ಎರಡು ಲೋಟದಷ್ಟು ನೀರನ್ನು ಬಟ್ಟಲಿಗೆ ಬಗ್ಗಿಸಿ ಸುಮ್ಮನೆ ಹಿಡಿದರೆ, ನೂಲಿನ ತುಂಡಿನಂಥ ಹುಳುಗಳು ತಲೆ ಕೆಳಗಾಗಿ ನೀರಿನ ಮೇಲ್ಮೈಗೆ ನೇತುಬೀಳುತ್ತವೆ. ಟಾರ್ಚ್ ಬೆಳಕು ಬಿದ್ದೊಡನೆ ಕೊಂಕುತ್ತಾ ತಳಕ್ಕೆ ಇಳಿಯುತ್ತವೆ. ಇದನ್ನು ಒಮ್ಮೆ ಕಣ್ಣಾರೆ ಕಂಡ ಮಗು ಮನೆಗೆ ಹೋಗಿ ಅಜ್ಜಿಯ ಹಂಡೆಯನ್ನೂ ಬಿಡುವುದಿಲ್ಲ. ನೀರು ಚೆಲ್ಲಿದ ಮೇಲೆ ಒಳಮೈಯನ್ನು ತೆಂಗಿನ ನಾರಿನಿಂದ ಉಜ್ಜಲೇಬೇಕು. ಈಡಿಸ್ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ದಸರಾ ರಜೆ ಒಂದು ತಲೆಮಾರು ಸೊಳ್ಳೆ ಬೆಳೆಯುವುದಕ್ಕೆ ಸಾಕು. ಆದ್ದರಿಂದ ರಜೆಗೆ ಮುಂಚಿನ ದಿನ ಎಲ್ಲ ಪಾತ್ರೆಗಳನ್ನು ಬೋರಲು ಹಾಕಿಯೇ ಬೀಗ ಹಾಕುತ್ತೇವೆ.

ಹೊಗೆ ಹಾಕಿಸಿ ಎಂದು ಪೋಷಕರು ಪ್ರತಿ ವರ್ಷ ಕೇಳುತ್ತಾರೆ. ಹೊಗೆಯಿಂದ ಹಾರಾಡುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿ ಹಾಗೆಯೇ ಉಳಿಯುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತು ಮಾಡಿತು. ಆ ಸುದ್ದಿಯನ್ನು ಪೋಷಕರ ಸಭೆಯಲ್ಲಿ ಓದಿ ಹೇಳಿದ್ದು ಉಪಯೋಗಕ್ಕೆ ಬಂತು.

ಎರಡನೆಯ ಕೆಲಸ, ನನ್ನ ಮಟ್ಟಿಗೆ ಇದೇ ದೊಡ್ಡದು, ಜ್ವರದ ಲೆಕ್ಕ. ಬಾರದ ಮಗುವಿನ ಮನೆಗೆ ಬೆಳಿಗ್ಗೆಯೇ ಫೋನ್ ಮಾಡಿ, ಕಾರಣ ಜ್ವರವಾದರೆ ಒಂದು ನೋಟ್ ಪುಸ್ತಕದಲ್ಲಿ ಹೆಸರು, ಜ್ವರ ಬಂದ ದಿನ, ಮನೆ ಯಾವ ಕಡೆ ಎಂದು ಬರೆಯುತ್ತೇನೆ. ಒಂದೇ ತೋಟದ ಕೂಲಿಕಾರರ ಲೈನ್ ಮನೆಗಳಿಂದ ಇಬ್ಬರು ಮಕ್ಕಳು ಜ್ವರದಲ್ಲಿ ಮಲಗಿದರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸುತ್ತೇನೆ. ಅವರು ಆ ಸಾಲಿನ ಮನೆಗಳಿಗೆಲ್ಲ ಹೋಗಿ ನೋಡುತ್ತಾರೆ. ಮೂರನೆಯ ಮಗು ಮಲಗುವವರೆಗೆ ಕಾಯುವುದು ನನಗೆ ಒಪ್ಪಿಗೆಯಿಲ್ಲ.

ಕೂಲಿಗೆ ಹೋಗುವ ತಾಯಿಗೆ ಮಗುವಿನ ಜ್ವರವೆಂದರೆ ಒಂದು ದಿನದ ಸಂಬಳ. ಬೆಳಿಗ್ಗೆ ಮಾತ್ರೆ ಕೊಟ್ಟು, ಮೈ ತಣ್ಣಗಾದೊಡನೆ ಶಾಲೆಗೆ ಕಳಿಸುತ್ತಾರೆ. ಅವರನ್ನು ಗದರಿಸಿ ಫಲವಿಲ್ಲ. ಮಾತ್ರೆಯಿಲ್ಲದೆ ಒಂದು ಹಗಲು ಒಂದು ರಾತ್ರಿ ಜ್ವರ ಬಾರದಿದ್ದರೆ ಮಾತ್ರ ಕಳಿಸಿ ಎಂದು ಕೂತು ಹೇಳುತ್ತೇನೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಗಂಡಾಂತರದ್ದು, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ. ಜ್ವರ ಬಿಟ್ಟಿದೆ ಎನ್ನುವಾಗಲೇ ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಂಗಡಿಯಿಂದ ತಂದ ಆಸ್ಪಿರಿನ್, ಐಬುಪ್ರೊಫೆನ್ ಕೊಡಲೇಬಾರದು, ಅವು ರಕ್ತಸ್ರಾವ ಹೆಚ್ಚಿಸಬಹುದು. ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ಜೊತೆಗೆ ಗಂಜಿ, ಎಳನೀರು, ಓಆರ್‌ಎಸ್ ಕೊಡಲು ಹೇಳುತ್ತೇನೆ.

ಕುಡಿಯುವ ನೀರನ್ನು ಅಡುಗೆಯವರು ಕುದಿಸಿಯೇ ಇಡುತ್ತಾರೆ. ಇಂಬಳ (ಜಿಗಣೆ) ಕಚ್ಚಿದ ಗಾಯವನ್ನು ಸೋಪಿನಿಂದ ತೊಳೆದು, ಕೆರೆಯಬೇಡಿ ಎಂದರೆ ಸಾಕು.

ಇನ್ನು ದಾರಿಯ ಮಾತು. ಗದ್ದೆಯಲ್ಲಿ ತೆನೆ ಬಲಿಯುವ ಕಾಲಕ್ಕೆ ಆನೆಗಳು ಇಳಿಯುತ್ತವೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಎಂದು ಮೊಬೈಲ್‌ಗೆ ಸಂದೇಶ ಕಳಿಸುತ್ತಾರೆ. ಅದನ್ನು ನಾನು ಪೋಷಕರಿಗೆ ಮುಟ್ಟಿಸುತ್ತೇನೆ. ಆದರೆ ಸಂದೇಶಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಸಣ್ಣ ತೀರ್ಮಾನ: ಈ ಎರಡು ತಿಂಗಳು ತಡವಾಗಿ ಬಂದವರನ್ನು ಯಾರೂ ಹೊರಗೆ ನಿಲ್ಲಿಸುವಂತಿಲ್ಲ. ತಡವಾದರೆ ಬೈಗುಳ ಎಂಬ ಹೆದರಿಕೆಯಿದ್ದ ಮಗು ಒಬ್ಬಂಟಿಯಾಗಿ ತೋಟದ ಒಳದಾರಿ ಹಿಡಿಯುತ್ತದೆ. ಹೆದರಿಕೆ ಇಲ್ಲದಿದ್ದರೆ ಜೊತೆಯವರಿಗಾಗಿ ಕಾಯುತ್ತದೆ. ಮುಖ್ಯ ಶಿಕ್ಷಕರು ಇದನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಹೇಳಿದರು.

ಸಂಜೆ ಶಾಲೆ ಬಿಡುವ ಹೊತ್ತಿಗೇ ಚಿತ್ತೆ ಮಳೆಯ ಗುಡುಗು ಶುರುವಾಗುವುದುಂಟು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಯಾರನ್ನೂ ಹೊರಗೆ ಬಿಡುವುದಿಲ್ಲ. ತೋಟದ ಎತ್ತರದ ಸಿಲ್ವರ್ ಓಕ್ ಮರದಡಿ ನಿಲ್ಲಬಾರದೆಂದು ಒಂದನೆಯ ತರಗತಿಯವರಿಗೂ ಬಾಯಿಪಾಠವಾಗಿದೆ. ಕತ್ತಲಾಗುವಂತಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಫೋನ್ ಮಾಡುತ್ತೇನೆ, ಅವರು ಜೀಪ್ ಕಳಿಸುತ್ತಾರೆ. ಮಕ್ಕಳು ಮನೆ ಸೇರಿದರೆಂದು ಆ ಕಡೆಯಿಂದ ಫೋನ್ ಬಂದ ಮೇಲೆಯೇ ನಾನು ನನ್ನ ಬಸ್ಸಿಗೆ ಹೊರಡುವುದು.