ಎರಡೇ ವರ್ಷದ ಮನೆಗೂ ರೊಟ್ಟಿ ಹೆಂಚು ಬೇಕು

ಮಗನಿಗೆ ಎರಡು ವರ್ಷದ ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗೋದು ಬಂತು. ನಾನು ಬಾಗಲಕೋಟೆಯಿಂದ ಎರಡು ಸಲ ಹೋಗಿ ಬಂದೆ. ನಮ್ಮಂಥವರ ವೀಸಾದಲ್ಲಿ 180 ದಿನದೊಳಗೆ 90 ದಿನ ಮಾತ್ರ ಇರಬಹುದು. ಮೊದಲ ಸಲ ಹೋದಾಗ ಸೊಸೆ ಇನ್ನೂ ಸೂಟ್‌ಕೇಸಿನಿಂದಲೇ ಬಟ್ಟೆ ತೆಗೆಯುತ್ತಿದ್ದಳು. "ಎರಡೇ ವರ್ಷ ಅಲ್ವಾ ಅತ್ತೆ, ಸುಮ್ನೆ ಯಾಕೆ ಹರಡೋದು" ಅಂದಳು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು ಅಂತ ಹಳೇ ಬಾಗಲಕೋಟೆಯ ಮನೆ ಬಿಟ್ಟು ಹೊಸ ಬಡಾವಣೆ ನವನಗರಕ್ಕೆ ಬಂದಾಗ ನಾನೂ ಹಾಗೇ ಅಂದು ಆರು ತಿಂಗಳು ಗಂಟು ಬಿಚ್ಚಿರಲಿಲ್ಲ. ಬಿಚ್ಚಿದಾಗ ಧಾರೆ ಸೀರೆಯಲ್ಲಿ ಇಲಿ ಮರಿ ಹಾಕಿತ್ತು. ನೀವು ಹೋಗಿ ಇಳಿದ ವಾರವೇ ಎಲ್ಲ ಬಿಚ್ಚಿಡಿ.

ಮೊದಲು ಅಡುಗೆಮನೆ. ಅಲ್ಲಿ ಗಾಜಿನ ಒಲೆ, ಉರಿ ಕಾಣಲ್ಲ. ನಮ್ಮ ತಗ್ಗು ಹೆಂಚು ಅದರ ಮೇಲೆ ಕೂರಲ್ಲ, ತಳ ಸಪಾಟಾಗಿರೋ ದಪ್ಪ ಹೆಂಚೇ ಬೇಕು. ಒಲೆ ಪೂರ್ತಿ ಜೋರು ಮಾಡಬೇಡಿ. ನಾನು ಮಾಡಿದೆ. ಹೆಂಚಿನ ಮೇಲೆ ಉದುರಿದ ಹಿಟ್ಟು ಕರಕಾಗಿ ಹೊಗೆ ಎದ್ದು, ಪಡಸಾಲೆಯ ಸೂರಿನಲ್ಲಿದ್ದ ಹೊಗೆ ಗಂಟೆ ಕಿರುಚಿಕೊಂಡಿತು. ಮೊಮ್ಮಗಳು ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ! ಒಂದೊಂದು ರೊಟ್ಟಿ ತೆಗೆದ ಮೇಲೂ ಹೆಂಚು ಒರೆಸಿ. ಉರಿ ಇಲ್ಲದ್ದರಿಂದ ಹೆಂಚಿನ ಮೇಲೇ ಬಟ್ಟೆಯಿಂದ ಅಂಚು ಒತ್ತುತ್ತಾ ಹೋದರೆ ರೊಟ್ಟಿ ಉಬ್ಬುತ್ತೆ.

ಜೋಳದ ಹಿಟ್ಟು ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ, ಆದರೆ ಹಳೆಯದಾದರೆ ಜಿಗಿ ಇರಲ್ಲ. ಕುದಿಯೋ ಎಸರು ಹಾಕಿ, ಸ್ವಲ್ಪ ಹೊತ್ತು ಮುಚ್ಚಿಟ್ಟು, ಆಮೇಲೆ ನಾದಿ. ಊರಿಂದ ಒಯ್ದ ಹಿಟ್ಟನ್ನು ಫ್ರೀಜರ್‌ನಲ್ಲಿ ಇಡಿ. ಇನ್ನೊಂದು, ಅಲ್ಲಿ ಭಾನುವಾರ ಸಪ್ಪಳ ಮಾಡಬಾರದು. ನಾನು ಬಡಿದ ರೊಟ್ಟಿ ಸದ್ದಿಗೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು ಬಾಗಿಲು ತಟ್ಟಿದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಕೈ ಹಿಡಿದು ಒಳಗೆ ಕರೆದು ಹಿಟ್ಟು ತೋರಿಸಿದೆ, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ. ತಿಂದು ಹೋದಳು. ಮರುವಾರದಿಂದ ಶನಿವಾರವೇ ಬಡಿದಿಟ್ಟೆ, ಮಣೆ ಕೆಳಗೆ ಟವೆಲ್ ಮಡಚಿ ಹಾಕಿ.

ಮೊಸರು ಚಳಿಗಾಲದಲ್ಲಿ ಹೆಪ್ಪುಗಟ್ಟಲ್ಲ ಅಂತ ಅಳಬೇಡಿ. ಓವನ್ ಹಚ್ಚದೆ ಅದರ ದೀಪ ಮಾತ್ರ ಹಾಕಿ ರಾತ್ರಿ ಒಳಗಿಡಿ. ಮಡಿಕೆ ಕಾಳು ಮೊಳಕೆ ಬರೋದೂ ಅಲ್ಲೇ.

ಬೆಳಗಾವಿ ಕುಂದಾ ಮಾತ್ರ ಒಯ್ಯಬೇಡಿ. ಹಾಲಿನ ಪದಾರ್ಥವನ್ನು ಇಲ್ಲಿಂದ ಅಲ್ಲಿಗೆ ಒಯ್ಯೋ ಹಾಗಿಲ್ಲ, ತುಪ್ಪವೂ ಅದರಲ್ಲೇ ಬಂತು. ಅಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಯಿಸಿ, ತುಪ್ಪ ಚೆನ್ನಾಗೇ ಆಗುತ್ತೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಯ್ಯಿರಿ. ಮಿಕ್ಸರ್ ನಮ್ಮದೇ ನಡೆಯುತ್ತೆ, 230 ವೋಲ್ಟ್ ಇದೆ, ಪಿನ್ನು ಬದಲಿಸಬೇಕು ಅಷ್ಟೇ. ಅಮೆರಿಕಕ್ಕೆ ಹೋಗೋರಾದರೆ ಮನೆಯಲ್ಲೇ ಬಿಟ್ಟು ಹೋಗಿ.

ಬಟ್ಟೆ ಒಳಗೆ ಒಣಗಿಸಿದರೆ ಗೋಡೆಗೆ ಬೂಸ್ಟು ಹಿಡಿಯುತ್ತೆ. ಚಳಿ ಅಂತ ಕಿಟಕಿ ಮುಚ್ಚೇ ಇಡಬೇಡಿ, ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಪೂರ್ತಿ ತೆರೆಯಿರಿ. ಆ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ, ಮೆಟ್ಟಿಲು ಗುಡಿಸೋ ಪಾಳಿ. ಯಾರ ವಾರವೋ ಅವರ ಬಾಗಿಲಿಗೆ ಫಲಕ ತೂಗುತ್ತೆ. ಮಗ ನಾಚಿಕೊಂಡ, ನಾನೇ ಕಸಬರಿಗೆ ಹಿಡಿದೆ. ಅಂಗಳ ಗುಡಿಸಿ ಬೆಳೆದ ಕೈಗೆ ಏನು ನಾಚಿಕೆ?

ಇನ್ನು ಊರಿನ ಮನೆ. ಸಿಲಿಂಡರ್ ಬಂದ್ ಮಾಡಿ, ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ, ಹೆಸ್ಕಾಂ ಬಿಲ್ ಮೊಬೈಲಿಗೆ ಬರೋ ಹಾಗೆ ಮಾಡಿ. ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ. ಹದಿನೈದು ದಿನಕ್ಕೊಮ್ಮೆ ಬಂದು ಬಚ್ಚಲ ತೂಬಿಗೆ ಎರಡು ತಂಬಿಗೆ ನೀರು ಹಾಕಲು ಹೇಳಿ. ಅಲ್ಲಿ ನಿಂತ ನೀರು ಒಣಗಿದರೆ ವಾಸನೆ, ಜಿರಳೆ ಎರಡೂ ಮೇಲೆ ಬರುತ್ತವೆ. ಎರಡನೇ ಸಲ ಹೋಗುವಾಗ ನಾನು ಇದೊಂದು ಹೇಳಲು ಮರೆತೆ. ಬಂದು ಬಾಗಿಲು ತೆರೆದರೆ ಬಚ್ಚಲಲ್ಲಿ ಜಿರಳೆಗಳ ಜಾತ್ರೆ ನಡೆದಿತ್ತು.