ಹಾಲು ಮೋರಿ ಸೇರದಂತೆ: ಡೈರಿಯ ಕೊಳಚೆ ನೀರು ಮತ್ತು ನನ್ನ ಅನುಭವ

ಒಂದು ಲೀಟರ್ ಹಾಲಿನ ಬಿಒಡಿ ಸುಮಾರು 1,00,000 ಮಿಲಿಗ್ರಾಂ. ಅಂದರೆ ಆ ಹಾಲನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸಬೇಕಾದರೆ 100 ಗ್ರಾಂ ಆಮ್ಲಜನಕ ಬೇಕು. ಹಳ್ಳದ ನೀರು 25 ಡಿಗ್ರಿ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಮೋರಿಗೆ ಬಿದ್ದ ಒಂದೇ ಲೀಟರ್ ಹಾಲಿಗೆ ಸುಮಾರು 12,500 ಲೀಟರ್ ಹಳ್ಳದ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಹಾಲಿನಲ್ಲಿ ವಿಷ ಇಲ್ಲ, ನಿಜ. ಆದರೆ ಮೀನು ಉಸಿರು ಕಟ್ಟಿ ಸಾಯುತ್ತದೆ.

ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಖಾಸಗಿ ಡೈರಿಯಲ್ಲಿ ಇಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುತ್ತೇನೆ. ದಿನಕ್ಕೆ ಸುಮಾರು 6,000 ಲೀಟರ್ ಹಾಲು ಬರುತ್ತದೆ. ಪ್ಯಾಕೆಟ್ ಹಾಲು, ಮೊಸರು, ತುಪ್ಪ, ಪನೀರ್ ಮಾಡುತ್ತೇವೆ. ಕಾಂಪೌಂಡಿನ ಹಿಂದೆ ಇರುವ ಹಳ್ಳ ತುಂಗೆಗೆ ಸೇರುತ್ತದೆ. ಅದೇ ತುಂಗೆ ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದವರ ನಲ್ಲಿಗೆ ಹೋಗುತ್ತದೆ. ಡೈರಿಗಳಿಗೆ ನಿಯಮದಲ್ಲಿರುವ ಮಿತಿ ಲೀಟರಿಗೆ ಬಿಒಡಿ 100 ಮಿಲಿಗ್ರಾಂ, ಎಣ್ಣೆ-ಜಿಡ್ಡು 10 ಮಿಲಿಗ್ರಾಂ. ನೀರು ಸೇರುವ ಹೊಳೆ ಕುಡಿಯುವ ನೀರಿನ ಮೂಲವಾಗಿದ್ದರೆ ಬಿಒಡಿ ಮಿತಿಯನ್ನು 30ರವರೆಗೂ ಬಿಗಿ ಮಾಡಬಹುದು. ನಾವು ನಮಗೇ ಇಟ್ಟುಕೊಂಡ ಗುರಿ ಆ 30.

ಇಟಿಪಿ ಎಂದರೆ ಎಲ್ಲರೂ ಟ್ಯಾಂಕು, ಗಾಳಿ ಊದುವ ಬ್ಲೋಯರ್ ಕಡೆಗೇ ನೋಡುತ್ತಾರೆ. ನನ್ನ ಅನುಭವದಲ್ಲಿ ಇಟಿಪಿ ಶುರುವಾಗುವುದು ಹಾಲು ಇಳಿಸಿಕೊಳ್ಳುವ ಕಟ್ಟೆಯ ಮೇಲೆ. ಕ್ಯಾನ್ ಬಗ್ಗಿಸಿ ಹಾಲು ಸುರಿದ ಮೇಲೂ ಒಳಗೆ ಒಂದಷ್ಟು ಅಂಟಿಕೊಂಡಿರುತ್ತದೆ. ನಮ್ಮ ಹುಡುಗರು ಅದನ್ನು ತಕ್ಷಣ ತೊಳೆಯಲು ಕೊಂಡೊಯ್ಯುತ್ತಿದ್ದರು. "ಅಣ್ಣ, ಇಷ್ಟೇ ಇಷ್ಟು ಹಾಲಲ್ವಾ, ನೀರು ಬಿಟ್ರೆ ಹೋಗ್ತದೆ" ಎನ್ನುತ್ತಿದ್ದರು. ಒಂದು ದಿನ ಸ್ಟೀಲಿನ ಇಳಿಜಾರು ತಟ್ಟೆ ಇಟ್ಟು, ಖಾಲಿ ಕ್ಯಾನುಗಳನ್ನು ಅದರ ಮೇಲೆ ಒಂದೆರಡು ನಿಮಿಷ ಬೋರಲು ಹಾಕಿಸಿದೆ. ತಟ್ಟೆಯ ಕೆಳಗಿನ ಬಕೆಟ್ ತುಂಬುತ್ತಾ ಹೋಯಿತು. ಅದನ್ನು ನೋಡಿದ ಮೇಲೆ ಯಾರಿಗೂ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಈಗ ಆ ತಟ್ಟೆ ಇಲ್ಲದೆ ಕ್ಯಾನ್ ತೊಳೆಯುವುದೇ ಇಲ್ಲ.

ಎರಡನೆಯದು ಪೈಪಿನೊಳಗೆ ಉಳಿಯುವ ಹಾಲು. ಪಾಶ್ಚರೀಕರಣ ಮುಗಿದಾಗ ನೀರು ಬಿಟ್ಟು ಹಾಲನ್ನು ಮುಂದೆ ತಳ್ಳುತ್ತೇವೆ. ಹಾಲು ಮತ್ತು ನೀರು ಬೆರೆತ ಆ ಬಿಳಿ ನೀರು ಮೊದಲೆಲ್ಲ ಸೀದಾ ಮೋರಿಗೆ ಹೋಗುತ್ತಿತ್ತು. ಈಗ ಅದನ್ನು ಬೇರೆ ಡ್ರಮ್ಮಿಗೆ ಹಿಡಿದು, ಅವತ್ತೇ ದನ ಸಾಕಿದವರಿಗೆ ಕೊಡುತ್ತೇವೆ. ಪೈಪಿನಿಂದ ತಿಳಿ ನೀರು ಬರಲು ಶುರುವಾದ ಮೇಲಷ್ಟೇ ಮೋರಿಗೆ ಬಿಡುವುದು. ನೆಲಕ್ಕೆ ಚೆಲ್ಲಿದ ಮೊಸರನ್ನೂ ಹಾಗೆಯೇ, ಮೊದಲು ವೈಪರಿನಿಂದ ಬಳಿದು ತೆಗೆದು ಆಮೇಲೆ ನೀರು. ಹೋಸ್ ತುದಿಗೆ ಒತ್ತಿದರೆ ಮಾತ್ರ ನೀರು ಬರುವ ಗನ್ ಹಾಕಿಸಿದೆವು. ಒಂದು ಲೀಟರ್ ಹಾಲಿಗೆ ನಾಲ್ಕು ಲೀಟರ್ ಹತ್ತಿರ ಇದ್ದ ನೀರಿನ ಖರ್ಚು ಈಗ ಎರಡೂವರೆಯ ಆಸುಪಾಸಿನಲ್ಲಿದೆ. ನಿಯಮದಲ್ಲಿ ಒಂದು ಲೀಟರ್ ಹಾಲಿಗೆ ಹೊರಬರುವ ಕೊಳಚೆ ನೀರಿನ ಮಿತಿ ಮೂರು ಲೀಟರ್ ಎಂದಿದೆ.

ಇನ್ನು ಪನೀರ್ ನೀರು. ಸಾವಿರ ಲೀಟರ್ ಹಾಲಿನಿಂದ ಪನೀರ್ ಮಾಡಿದರೆ 800 ಲೀಟರಿನಷ್ಟು ಹಸಿರು-ಹಳದಿ ನೀರು ಉಳಿಯುತ್ತದೆ. ಹಾಲಿನ ಸಕ್ಕರೆ ಹೆಚ್ಚುಕಮ್ಮಿ ಎಲ್ಲ ಅದರಲ್ಲೇ ಇರುತ್ತದೆ. ಲೀಟರಿಗೆ 40,000 ಮಿಲಿಗ್ರಾಂ ಬಿಒಡಿ ಎಂದು ಹಿಡಿದರೂ 32 ಕೆಜಿ ಆಯಿತು. ಸಣ್ಣ ಇಟಿಪಿಗೆ ಇದೊಂದೇ ಸಾಕು, ಮಲಗಿಬಿಡುತ್ತದೆ. ಹಾಗಾಗಿ ಪನೀರ್ ನೀರಿನ ಒಂದು ಹನಿಯೂ ಇಟಿಪಿಗೆ ಬರಬಾರದು ಎಂದು ಹಟ ಹಿಡಿದೆ. ಮಲೆನಾಡಿನಲ್ಲಿ ದನಕ್ಕೆ ಕಲಗಚ್ಚು ಕೊಡುವುದು ಎಲ್ಲರಿಗೂ ಗೊತ್ತು. ಅಕ್ಕಪಕ್ಕದ ಮನೆಯವರು ಕೊಡ ಹಿಡಿದು ಬಂದು ಪನೀರ್ ನೀರು ಒಯ್ಯಲು ಶುರು ಮಾಡಿದರು. ಅವರಿಗೆ ನಾನು ಹೇಳುವುದು ಎರಡೇ ಮಾತು. ಅವತ್ತಿನದು ಅವತ್ತೇ ಕೊಡಿ, ಹುಳಿ ಬಂದದ್ದು ಬೇಡ. ಮೊದಲ ವಾರ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ, ಒಮ್ಮೆಲೇ ಜಾಸ್ತಿ ಕುಡಿದರೆ ಹೊಟ್ಟೆ ಕೆಡುತ್ತದೆ.

ಇಷ್ಟೆಲ್ಲ ತಡೆದ ಮೇಲೆ ಬಂದ ನೀರನ್ನು ಟ್ಯಾಂಕ್ ನೋಡಿಕೊಳ್ಳುತ್ತದೆ. ಮೊದಲು ಜಾಲರಿ, ಆಮೇಲೆ ಜಿಡ್ಡು ತೆಗೆಯುವ ತೊಟ್ಟಿ. ತುಪ್ಪ ಕಾಯಿಸಿದ ದಿನ ಈ ತೊಟ್ಟಿಯ ಮೇಲೆ ಬಿಳಿ ಕೆನೆ ಕಟ್ಟುತ್ತದೆ, ಅದನ್ನು ದಿನವೂ ಎತ್ತಬೇಕು. ಮುಂದಿನದು ಈಕ್ವಲೈಸೇಷನ್ ಟ್ಯಾಂಕ್. ನಮ್ಮಲ್ಲಿ ಯಂತ್ರ ತೊಳೆಯಲು ಕಾಸ್ಟಿಕ್ ಸೋಡಾ, ನೈಟ್ರಿಕ್ ಆಸಿಡ್ ಎರಡೂ ಬಳಸುತ್ತೇವೆ. ಹಾಗಾಗಿ ಮೋರಿಯ ಪಿಎಚ್ (ಹುಳಿ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) ಬೆಳಿಗ್ಗೆ 11 ದಾಟಿದರೆ ಇನ್ನೊಂದು ಹೊತ್ತಿಗೆ 4ಕ್ಕೂ ಕೆಳಗಿರುತ್ತದೆ. ಎಲ್ಲವೂ ಈ ಟ್ಯಾಂಕಿನಲ್ಲಿ ಕಲೆತು ಹದಕ್ಕೆ ಬಂದ ಮೇಲೆ, 24 ಗಂಟೆಯೂ ಒಂದೇ ಸಮನೆ ಏರೇಷನ್ ಟ್ಯಾಂಕಿಗೆ ಹೋಗಬೇಕು. ಅಲ್ಲಿರುವುದು ಜೀವ, ಕೊಳೆ ತಿನ್ನುವ ಬ್ಯಾಕ್ಟೀರಿಯಾ. ಕೊಟ್ಟಿಗೆಯ ದನಕ್ಕೆ ಒಂದು ದಿನ ಉಪವಾಸ ಕೆಡವಿ ಮರುದಿನ ಎರಡು ಪಾಲು ಹಿಂಡಿ ಇಟ್ಟರೆ ಏನಾಗುತ್ತದೋ, ಇಲ್ಲೂ ಅದೇ ಆಗುತ್ತದೆ. ಹಾಗಂತ ಈಕ್ವಲೈಸೇಷನ್ ಟ್ಯಾಂಕಿನಲ್ಲಿ ಗಾಳಿ ಆಡಿಸದೆ ನೀರು ನಿಲ್ಲಿಸಿದರೆ ಹಾಲಿನ ಸಕ್ಕರೆ ಹುಳಿಯಾಗಿ ಪಿಎಚ್ ಕುಸಿಯುತ್ತದೆ, ವಾಸನೆ ಗೇಟಿನವರೆಗೂ ಬರುತ್ತದೆ.

ಏರೇಷನ್ ಟ್ಯಾಂಕ್ ಹೇಗಿದೆ ಎಂದು ತಿಳಿಯಲು ದುಬಾರಿ ಯಂತ್ರವೇನೂ ಬೇಡ. ಬೆಳಿಗ್ಗೆ ಅದರಿಂದ ಒಂದು ಲೀಟರ್ ತೆಗೆದು ಮೆಷರಿಂಗ್ ಸಿಲಿಂಡರಿಗೆ ತುಂಬುತ್ತೇನೆ. ಅಲುಗಾಡದ ಜಾಗದಲ್ಲಿಟ್ಟು, ಮೊಬೈಲಿನಲ್ಲಿ 30 ನಿಮಿಷಕ್ಕೆ ಅಲಾರಂ. ಸ್ವಲ್ಪ ಹೊತ್ತಿಗೇ ಕಂದು ಚೂರುಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಕೆಳಗಿಳಿಯಲು ಶುರು ಮಾಡುತ್ತವೆ. ಹೀಗೆ ಇಳಿದ ಬ್ಯಾಕ್ಟೀರಿಯಾದ ಕೆಸರು, ಅಂದರೆ ಸ್ಲಡ್ಜ್, ಮತ್ತು ನೀರಿನ ನಡುವೆ ಒಂದು ಗೆರೆ ಮೂಡುತ್ತದೆ. ಅಲಾರಂ ಹೊಡೆದಾಗ ಆ ಗೆರೆ ನಮ್ಮಲ್ಲಿ 300 ಮಿಲಿಲೀಟರ್ ಗುರುತಿನ ಹತ್ತಿರ ನಿಂತು, ಮೇಲಿನ ನೀರಿನ ಆಚೆ ಹಿಡಿದ ಕಾಗದದ ಅಕ್ಷರ ಓದಲು ಬಂದರೆ ಎಲ್ಲ ಸರಿಯಿದೆ ಎಂದರ್ಥ. ಗೆರೆ 600ರ ಮೇಲೇ ನಿಂತರೆ ಇನ್ನೊಂದು ಪರೀಕ್ಷೆ. ಅರ್ಧ ಏರೇಷನ್ ಟ್ಯಾಂಕಿನ ನೀರು, ಅರ್ಧ ಶುದ್ಧವಾಗಿ ಹೊರಬಂದ ನೀರು ಬೆರೆಸಿ ಮತ್ತೆ ಇಡುತ್ತೇನೆ. ಈ ಸಲ ಚೆನ್ನಾಗಿ ಇಳಿದರೆ ಸ್ಲಡ್ಜ್ ಜಾಸ್ತಿಯಾಗಿದೆ, ಒಂದಷ್ಟು ಹೊರತೆಗೆಯಬೇಕು. ಆಗಲೂ ಇಳಿಯದಿದ್ದರೆ ನೂಲಿನಂಥ ಬ್ಯಾಕ್ಟೀರಿಯಾ ಹಬ್ಬಿದೆ. ಗಾಳಿ ಸಾಲದು, ಜಿಡ್ಡು ಒಳಗೆ ಬಂದಿದೆ, ಇಲ್ಲವೇ ಸಾರಜನಕ ಕಮ್ಮಿ, ಈ ಮೂರರಲ್ಲಿ ಒಂದನ್ನು ಹುಡುಕಬೇಕು. ಬಿಒಡಿ 100 ಪಾಲು ಇದ್ದರೆ ಸಾರಜನಕ 5, ರಂಜಕ 1 ಪಾಲು ಬೇಕು ಎನ್ನುವುದು ಲೆಕ್ಕ. ಕಮ್ಮಿ ಬಿದ್ದರೆ ಯೂರಿಯಾ, ಡಿಎಪಿ ಕರಗಿಸಿ ಹಾಕುತ್ತೇವೆ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯಲು ಬಿಡುವುದಿಲ್ಲ.

ಮೂಗನ್ನೂ ಬಳಸಿ. ಏರೇಷನ್ ಟ್ಯಾಂಕ್ ಹತ್ತಿರ ಮಣ್ಣಿನ ವಾಸನೆ ಬರಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಆದರೆ ಸಂಪಿನೊಳಗೆ ಮೂಗು ಹಾಕಬೇಡಿ, ಯಾರನ್ನೂ ಇಳಿಸಲೂಬೇಡಿ. ಅದೇ ಮೊಟ್ಟೆ ವಾಸನೆಯ ಗ್ಯಾಸ್ ಜಾಸ್ತಿಯಾದರೆ ಮೂಗಿಗೆ ತಿಳಿಯುವುದೇ ಇಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಪಂಪ್ ಕೆಟ್ಟರೆ ಸರಪಳಿ ಹಾಕಿ ಮೇಲಕ್ಕೆ ಎಳೆಯುವ ವ್ಯವಸ್ಥೆ ಮಾಡಿಸಿಕೊಳ್ಳಿ. ದುಡ್ಡಿನ ಮುಖ ನೋಡಬೇಡಿ.

ಲ್ಯಾಬಿಗೆ ಕಳಿಸುವ ಸ್ಯಾಂಪಲ್ ಬಗ್ಗೆ ಒಂದು ಮಾತು. ಒಂದೇ ಹೊತ್ತಿಗೆ ಒಂದು ಬಾಟಲಿ ತುಂಬಿದರೆ ಅದು ಆ ಹೊತ್ತಿನ ಕಥೆ ಮಾತ್ರ. ಗಂಟೆಗೊಮ್ಮೆ ಇಷ್ಟಿಷ್ಟು ಹಿಡಿದು, ಐಸ್ ಬಾಕ್ಸಿನಲ್ಲಿಟ್ಟು, ಕೊನೆಗೆ ಬೆರೆಸಿ ಕಳಿಸಿ. ಜಿಡ್ಡಿನ ಪರೀಕ್ಷೆಗೆ ಬೇರೆ ಗಾಜಿನ ಬಾಟಲಿ ಬೇಕು, ಪ್ಲಾಸ್ಟಿಕ್ಕಿಗೆ ಜಿಡ್ಡು ಅಂಟಿಕೊಳ್ಳುತ್ತದೆ. ಬಿಒಡಿಗೆ 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಬ್ಯಾಕ್ಟೀರಿಯಾ ಬದಲು ರಾಸಾಯನಿಕದಿಂದ ಕೊಳೆ ಅಳೆಯುವ ಸಿಒಡಿ ಅದೇ ದಿನ ಸಿಗುತ್ತದೆ.

ಮಳೆಗಾಲದ ಕಷ್ಟ ಬಯಲುಸೀಮೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಾಡಿನ ನೀರು, ಅಂಗಳದ ನೀರು ಮೋರಿಗೆ ಸೇರಿದರೆ ಏರೇಷನ್ ಟ್ಯಾಂಕಿನ ಸ್ಲಡ್ಜೇ ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಮಳೆನೀರಿಗೆ ಬೇರೆ ಕಾಲುವೆ ತೆಗೆಸಿದೆವು, ಚೇಂಬರುಗಳ ಬಾಯನ್ನು ನೆಲಮಟ್ಟದಿಂದ ಎತ್ತರಿಸಿದೆವು. ಸ್ಲಡ್ಜ್ ಒಣಗಿಸುವ ಹಾಸಿಗೆ ಬಯಲಿನಲ್ಲಿದ್ದರೆ ಜೂನಿನಿಂದ ಅದು ಕೆಸರುಗದ್ದೆ. ಅಡಿಕೆ ಒಣಗಿಸಲು ಹಾಕುವಂಥ ಪಾರದರ್ಶಕ ಶೀಟಿನ ಮಾಡು ಹಾಕಿ, ಪಕ್ಕಗಳನ್ನು ಗಾಳಿಗೆ ಬಿಟ್ಟಿದ್ದೇವೆ. ಒಣಗಲು ತಡವಾದರೂ ಒಣಗುತ್ತದೆ. ಒಣಗಿದ್ದನ್ನು ದರಗಿನ (ಒಣ ಎಲೆಯ) ಜೊತೆ ಗೊಬ್ಬರದ ಗುಂಡಿಗೆ ಹಾಕುತ್ತೇವೆ.

ಕರೆಂಟು ಇನ್ನೊಂದು ತಲೆನೋವು. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಜನರೇಟರ್ ಇದ್ದರೂ ಮೊದಲ ಪಾಲು ಕೋಲ್ಡ್ ಸ್ಟೋರಿಗೆ. ಅದಕ್ಕೇ ಒಂದು ಸಣ್ಣ ಬ್ಲೋಯರನ್ನು ಜನರೇಟರ್ ಲೈನಿಗೆ ಬೇರೆಯಾಗಿ ಕೊಡಿಸಿಕೊಂಡೆ. ಎಲ್ಲ ನಿಂತು ಹೋದ ದಿನ, ಕರೆಂಟು ಬಂದ ಕೂಡಲೇ ಹೊಸ ನೀರು ಬಿಡುವುದಿಲ್ಲ. ಮೊದಲು ಸುಮ್ನೆ ಗಾಳಿ ಕೊಡುತ್ತೇನೆ. ಆಮ್ಲಜನಕ ಮತ್ತೆ 2ಕ್ಕೆ ಬಂದ ಮೇಲೆ ನಿಧಾನಕ್ಕೆ ನೀರು.

ಶುದ್ಧವಾದ ನೀರನ್ನು ಬೇಸಿಗೆಯಲ್ಲಿ ನೇಪಿಯರ್ ಹುಲ್ಲಿಗೆ ಬಿಡುತ್ತೇವೆ. ಪಕ್ಕದ ತೋಟದ ಹೆಗಡೇರು ಅಡಿಕೆಗೂ ಕೊಡಿ ಎಂದು ಕೇಳಿದ್ದರು. ತಕ್ಷಣ ಒಪ್ಪಲಿಲ್ಲ. ಬಿಒಡಿ ಇಳಿದರೂ ಕಾಸ್ಟಿಕ್ ಸೋಡಾದ ಸೋಡಿಯಂ ನೀರಿನಲ್ಲೇ ಉಳಿದಿರುತ್ತದೆ, ಯಾವ ಬ್ಯಾಕ್ಟೀರಿಯಾವೂ ಅದನ್ನು ತಿನ್ನುವುದಿಲ್ಲ. ಅದು ಜಾಸ್ತಿಯಾದರೆ ಮಣ್ಣು ಬಿಗಿದುಕೊಂಡು ನೀರು ಇಂಗುವುದಿಲ್ಲ. ನಮ್ಮ ಕಡೆಯ ಮಳೆ ಒಂದಷ್ಟನ್ನು ತೊಳೆದು ಒಯ್ಯುತ್ತದೆ, ಆದರೆ ಅದನ್ನೇ ನಂಬಿ ಬೇರೆಯವರ ತೋಟಕ್ಕೆ ಬಿಡಲು ನನಗೆ ಮನಸ್ಸಿಲ್ಲ. ಕಾಸ್ಟಿಕ್ ದ್ರಾವಣವನ್ನು ಒಂದೇ ಸಲಕ್ಕೆ ಚೆಲ್ಲದೆ ಟ್ಯಾಂಕಿನಲ್ಲಿ ಹಿಡಿದಿಟ್ಟು, ಅದರ ಗಾಢತೆ ನೋಡಿ ಮತ್ತೆ ಬಳಸಲು ಶುರು ಮಾಡಿದ್ದೇವೆ. ಹುಲ್ಲಿನ ಜಾಗದ ಮಣ್ಣನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಪರೀಕ್ಷೆ ಮಾಡಿಸುತ್ತೇವೆ. ಆ ಎರಡು ರಿಪೋರ್ಟುಗಳನ್ನು ಹೆಗಡೇರ ಮುಂದಿಟ್ಟು ಕೂತು ಮಾತಾಡಿದ ಮೇಲೆಯೇ ತೋಟಕ್ಕೆ ಪೈಪ್ ಎಳೆಯುವುದು.